ಕರಡಿಯ ಹೊಟ್ಟೆಯೊಳಗಿನದು

ಮೆತ್ತಗಿರುವ ವಸ್ತುಗಳನ್ನು ಕಂಡರೆ ನನಗೆ ಭಯ. ನಗಬೇಡಿ. ಯಾರ ಮನೆಗೆ ಹೋದರೂ, ದಿಂಬು ಕೊಟ್ಟರೆ ಒರಗುವ ಮೊದಲು ಅಂಗೈಯಿಂದ ನಾಲ್ಕೂ ಮೂಲೆ ಒತ್ತಿ ನೋಡುತ್ತೇನೆ. ಮನೆಯವರು ಹೆಮ್ಮೆಯಿಂದ, "ಹೊಸ ಬೂರುಗದ ಹತ್ತಿ, ಮೇಷ್ಟ್ರೇ" ಎನ್ನುತ್ತಾರೆ. ಹತ್ತಿ ಹೊಸದೋ ಹಳೆಯದೋ, ಅದರ ಜೊತೆಗೆ ಇನ್ನೇನಿದೆ ಎಂಬುದು ನನ್ನ ಚಿಂತೆ. ಈ ರೋಗ ಶುರುವಾಗಿ ಮೂರು ತಿಂಗಳಾಯಿತು. ತಂದುಕೊಂಡವನು ನಾನೇ, ಒಂದು ಕರಡಿಯನ್ನು ಹೊಲಿದು.

ನಮ್ಮ ಮಗಳು ಪದ್ದುವಿಗೆ ಆಗ ಹದಿನಾಲ್ಕು ತಿಂಗಳು. ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದಳು. ಬೆಚ್ಚುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಎರಡು ಕೂದಲನ್ನು ತಾಯಿತದಲ್ಲಿ ಕಟ್ಟಿದರೆ ಭಯ ಬಿಡುತ್ತದೆಂಬುದು ದೊಡ್ಡಬಳ್ಳಾಪುರದ ನಮ್ಮ ಬೀದಿಯ ಅಜ್ಜಿಯರೆಲ್ಲರ ವೈದ್ಯ. ನನ್ನನ್ನೂ ಕೂರಿಸಿದ್ದರಂತೆ. ಕರಡಿ ಸೀನಿತಂತೆ. ನನ್ನ ಭಯ ಎಷ್ಟರಮಟ್ಟಿಗೆ ಬಿಟ್ಟಿತೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಆದರೆ ಯುದ್ಧ ಶುರುವಾದ ಮೇಲೆ ಕರಡಿ ಆಡಿಸುವವನು ನಮ್ಮ ಕಡೆ ತಲೆ ಹಾಕಿರಲಿಲ್ಲ. "ಮಾಕಳಿದುರ್ಗದ ಬೆಟ್ಟದಾಗೆ ಬೇಕಾದಷ್ಟು ಅವೆಯಂತೆ. ಹೋಗಿ ಒಂದು ಹಿಡ್ಕೊಂಡು ಬಾರೋ ಸೀನ" ಎಂದಳು ಅಮ್ಮ. ನಾನು ಬಿ.ಎ. ಓದಿದವನು, ಮಿಡ್ಲ್ ಸ್ಕೂಲಿನ ಹುಡುಗರಿಗೆ ವಿಜ್ಞಾನ ಹೇಳಿಕೊಡುವವನು. ಇದೆಲ್ಲ ಮೂಢನಂಬಿಕೆ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಭಾಷಣದ ಕೊನೆಗೆ, ಹೇಗೆಂದು ಈಗಲೂ ತಿಳಿಯದು, ಕರಡಿಯನ್ನು ನಾನೇ ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೆ.

ಧೈರ್ಯಕ್ಕೆ ಒಂದು ಕಾರಣವಿತ್ತು. ಬೆಂಗಳೂರು ದಂಡಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಹೆಂಗಸರ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಟೆಡ್ಡಿ ಕರಡಿಯನ್ನೂ ಅದರ ಉಡುಪನ್ನೂ ಹೊಲಿಯುವ ಕ್ರಮವಿತ್ತು. ಹೊಸಬರು ಕೂಡ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದೆಂದು ಬರೆದಿತ್ತು. ನನಗೆ ನಾಲ್ಕು ಭಾನುವಾರ ಹಿಡಿಯಿತು. ರೋಮದ ಬಟ್ಟೆ ಬೇಕೆಂದಿದ್ದರು. ಈ ಯುದ್ಧಕಾಲದಲ್ಲಿ ರೋಮವಿಲ್ಲದ ಬಟ್ಟೆಗೇ ಪರದಾಟ. ಅಪ್ಪ ಹೊದೆಯುತ್ತಿದ್ದ ಕರಿ ಕಂಬಳಿಯನ್ನು ಕತ್ತರಿಸಿದೆ. ಹೊಟ್ಟೆಗೆ ತುಂಬಲು ಎದುರುಮನೆಯ ನೇಕಾರರು ಮಗ್ಗದ ಕೆಳಗೆ ಬಿದ್ದ ನೂಲಿನ ಸಿಕ್ಕನ್ನು ಮಂಕರಿಗಟ್ಟಲೆ ಕೊಟ್ಟರು. ಕೊನೆಗೆ ಎದ್ದು ಕುಳಿತ ಪ್ರಾಣಿಯ ಒಂದು ಕಾಲು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ, ಒಂದು ಕಿವಿ ಹಣೆಯ ಮೇಲೆ. ನನ್ನ ಹೆಂಡತಿ ಸಾವಿತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನೂಂದ್ರೆ, ಇದು ಕರಡೀನೋ, ಚಳಿಗೆ ಕಂಬಳಿ ಹೊದ್ದಿರೋ ನಿಮ್ಮ ಹೆಡ್ ಮೇಷ್ಟ್ರೋ?" ಎಂದಳು. ಅಮ್ಮ ಮಾತ್ರ ನಗಲಿಲ್ಲ. ಪದ್ದುವನ್ನು ಅದರ ಬೆನ್ನ ಮೇಲೆ ಮೂರು ಸಲ ಕೂರಿಸಿ ಇಳಿಸಿ, ಕಂಬಳಿಯ ಎರಡೆಳೆ ಕಿತ್ತು ತಾಯಿತಕ್ಕೆ ತುಂಬಿದಳು. ಅಂದಿನಿಂದ ಮಗು ಬೆಚ್ಚಲಿಲ್ಲ. ತಾಯಿತದ ದಾರ ಸಡಿಲವಾದಾಗಲೆಲ್ಲ ಬಿಗಿದು ಕಟ್ಟಿದವನು ವಿಜ್ಞಾನದ ಮೇಷ್ಟ್ರು.

ಅಲ್ಲಿಗೆ ನಿಲ್ಲಿಸಿದ್ದರೆ ಇಂದು ನಾನು ಎಲ್ಲರಂತೆ ದಿಂಬಿಗೆ ಒರಗುತ್ತಿದ್ದೆ. ಆದರೆ ಪತ್ರಿಕೆಯಲ್ಲಿ ಉಡುಪಿನ ಪುಟ ಬಾಕಿಯಿತ್ತು. ಸಾವಿತ್ರಿಯ ರವಿಕೆಯಲ್ಲಿ ಉಳಿದ ಕೆಂಪು ತುಂಡಿನಿಂದ ಕರಡಿಗೊಂದು ಅಂಗಿ ಹೊಲಿದೆ. ಬೆನ್ನ ಕಡೆ ಬಿಚ್ಚಿರಬೇಕೆಂಬ ಸಾಲನ್ನು ಓದದೆ ಸುತ್ತಲೂ ಹೊಲಿದದ್ದರಿಂದ ತಲೆ ತೂರಲಿಲ್ಲ. ಹೊಲಿಗೆ ಬಿಚ್ಚಿದೆ. ಕರಡಿಯ ಮೈಮೇಲೆಯೇ ಅಂಗಿಯನ್ನು ಸುತ್ತಿ ಮತ್ತೆ ಹೊಲಿಯತೊಡಗಿದೆ. ಬೆಳಕು ಇಳಿಯುತ್ತಿತ್ತು. ಕೊರಳ ಹತ್ತಿರ ಬಂದಾಗ ಕಣ್ಣು ಮಂಜಾಯಿತು. ಸೂಜಿಯನ್ನು ಅಲ್ಲೇ ಚುಚ್ಚಿಟ್ಟು, ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಅಷ್ಟೇ.

ಬಂದು ನೋಡಿದರೆ ಕರಡಿ ಪದ್ದುವಿನ ತೋಳಿನಲ್ಲಿತ್ತು. ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ಈಗ ಕಚ್ಚುತ್ತಿದ್ದದ್ದು ಕರಡಿಯ ಕೊರಳನ್ನು. ಅಂಗಿಯಿಂದ ದಾರ ನೇತಾಡುತ್ತಿತ್ತು. ದಾರದ ತುದಿಯಲ್ಲಿ ಸೂಜಿ ಇರಲಿಲ್ಲ.

ಅದೇ ಹೊತ್ತಿಗೆ ಅಮ್ಮ ದೇವರ ಗೂಡಿನಲ್ಲಿ ದೀಪ ಹಚ್ಚಿದಳು. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕೆಲವು ಹೆಸರುಗಳನ್ನು ಎತ್ತುವಂತಿಲ್ಲ. ಹಾವನ್ನು ಹುಳ ಎನ್ನಬೇಕು, ಉಪ್ಪನ್ನು ರುಚಿ ಎನ್ನಬೇಕು. ಸೂಜಿಯನ್ನು ಕೇಳುವಂತೆಯೂ ಇಲ್ಲ, ಕೊಡುವಂತೆಯೂ ಇಲ್ಲ. ಪಾಪ, ಅದಕ್ಕೆ ಯಾರೂ ಬೇರೆ ಹೆಸರನ್ನೇ ಇಟ್ಟಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ ನನ್ನ ನಾಲಗೆಯನ್ನು ಹಿಡಿದುಕೊಂಡಿತು.

"ಅಮ್ಮಾ, ಅದು ಎಲ್ಲಿ?"

"ಯಾವ್ದೋ?"

"ಅದೇ, ಇಲ್ಲಿತ್ತಲ್ಲ! ದಾರ ಪೋಣಿಸ್ತಾರಲ್ಲ, ಅದು!"

"ಮಲ್ಲಿಗೆ ಮೊಗ್ಗಾ? ಬುಟ್ಟೀಲೈತೆ. ಇನ್ನೂ ಕಟ್ಟಿಲ್ಲ."

ನಾನು ಕರಡಿಗೆ ಕೈ ಹಾಕಿದೆ. ಪದ್ದು ಇನ್ನೂ ಬಲವಾಗಿ ಅಪ್ಪಿಕೊಂಡು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಜೋರಾಗಿ ಎಳೆದರೆ ಎಲ್ಲಿ ಚುಚ್ಚುತ್ತದೋ ಎಂದು ಕೈ ಬಿಟ್ಟೆ. ಬಿಟ್ಟರೆ ಕಚ್ಚುತ್ತಾಳೆಂದು ಮತ್ತೆ ಹಿಡಿದೆ. ಒಳಗಿನಿಂದ ಸಾವಿತ್ರಿ, "ಮಗೂನ ಯಾಕ್ರೀ ಅಳಿಸ್ತೀರಾ? ಹೊಲಿದು ಕೊಟ್ಟೋರೇ ಕಿತ್ಕೋತೀರಲ್ಲ!" ಎಂದು ಕೂಗಿದಳು. ಅಮ್ಮ ಬಂದು ನನ್ನ ಕೈಮೇಲೆ ಒಂದು ಏಟು ಕೊಟ್ಟು, "ದೀಪದ ಹೊತ್ನಾಗೆ ಮಗು ಅಳಬಾರ್ದು ಕಣೋ, ಬಿಡೋ ಅತ್ಲಾಗೆ" ಎಂದು ಕರಡಿಯನ್ನು ತಾನೇ ಮಗುವಿನ ಎದೆಗೆ ಒತ್ತಿದಳು. ಒತ್ತಿದಳು! ನನ್ನ ಗಂಟಲಿನಲ್ಲಿ ಎರಡೇ ಅಕ್ಷರ ಸಿಕ್ಕಿಕೊಂಡಿದ್ದವು. ಆಗ ಪದ್ದುವಿನ ತುಟಿಯ ಕೊನೆಯಲ್ಲಿ ಕೆಂಪಗೆ ಏನೋ ಇಳಿಯುವುದು ಕಾಣಿಸಿತು.

"ಸೂಜಿ! ಸೂಜಿ! ಬಾಯಲ್ಲಿ ಸೂಜಿ!"

ದೀಪ ಆರಲಿಲ್ಲ. ಅಮ್ಮ ದೀಪದ ಕಡೆ ನೋಡಲೂ ಇಲ್ಲ. ಅರೆಕ್ಷಣದಲ್ಲಿ ಕರಡಿ ಮೂಲೆಗೆ ಹಾರಿತ್ತು, ಅಮ್ಮನ ಬೆರಳು ಮಗುವಿನ ಬಾಯಲ್ಲಿತ್ತು. "ಬಾಯಿ ಬಿಡವ್ವ, ನನ್ನವ್ವ, ಬಿಡು." ಒಸಡು, ನಾಲಗೆಯ ಅಡಿ, ಕೆನ್ನೆಯ ಒಳಗೆ, ಎಲ್ಲ ತಡವಿದಳು. ಏನೂ ಇರಲಿಲ್ಲ. ಕೆಂಪು, ಜೊಲ್ಲಿಗೆ ಬಿಟ್ಟ ರವಿಕೆ ಬಟ್ಟೆಯ ಬಣ್ಣ. ಹಾಗಾದರೆ ಸೂಜಿ? ನುಂಗಿದ್ದರೆ? ಸಾವಿತ್ರಿ ಒಳಗಿನಿಂದ ಓಡಿಬಂದು ಮಗುವನ್ನು ಎತ್ತಿಕೊಂಡಳು. ಕೊರಳ ಮೇಲೆ ಕಣ್ಣಿಗೆ ಬೀಳದ್ದರಿಂದ, ಒಳಗೆ ಇಳಿದಿರಬೇಕೆಂದು ಅಮ್ಮ ಈಳಿಗೆ ಮಣೆ ತಂದು, ದೀಪದ ಮುಂದೆಯೇ ಕರಡಿಯ ಹೊಟ್ಟೆ ಸೀಳಿ, ನೂಲನ್ನು ಹಿಡಿಹಿಡಿಯಾಗಿ ತೆಗೆದು ಒಂದೊಂದು ಸಿಕ್ಕನ್ನೂ ಹಿಂಜಿದಳು. ಅರ್ಧ ಹೊಟ್ಟೆ ಖಾಲಿಯಾಯಿತು. ಏನೂ ಇಲ್ಲ. ಮುಕ್ಕಾಲು ಆಯಿತು. ನಾನು ಯಾವ ದೇವರಿಗೆ ಏನೇನು ಹರಸಿಕೊಂಡೆನೋ, ಅದರ ಪಟ್ಟಿಯನ್ನು ಇಲ್ಲಿ ಕೊಡಲಾರೆ. ಕೊನೆಗೆ, ಅಂಗಿಯ ಕೊರಳ ಪಟ್ಟಿಯ ಒಳಮಗ್ಗುಲಲ್ಲಿ, ಮೊನೆ ಹೊರಗೆ ಮಾಡಿಕೊಂಡು ಅದು ಮಲಗಿತ್ತು. ಮಗುವಿನ ಒಸಡಿನಿಂದ ಒದ್ದೆಯಾದ ಜಾಗಕ್ಕೆ ಅರ್ಧ ಬೆರಳಿನಷ್ಟು ದೂರ.

ಅಮ್ಮ ಅದನ್ನು ದೀಪಕ್ಕೆ ಹಿಡಿದು ನೋಡಿದಳು. ಸೆರಗಿನಲ್ಲಿ ಒರೆಸಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಳು.

"ಲೇ ಸೀನ, ಮಗು ಪ್ರಾಣಕ್ಕೆ ಬಂದಾಗ ಹೆಸರು ಹೇಳಕ್ಕೆ ಏನೋ ಬಂದಿತ್ತು ನಿಂಗೆ?"

"ದೀಪ ಹಚ್ಚಿದ ಮೇಲೆ ಹೇಳಬಾರದು ಅಂತ ನೀನೇ..."

"ನಾನು ಓದ್ದೋಳಲ್ಲ, ಹೇಳ್ತೀನಪ್ಪ. ನೀನು ಓದಿದೋನು, ಕೇಳ್ತೀಯಾ?"

ಸಾವಿತ್ರಿ ಮುಂದಿನ ಭಾನುವಾರ ಒಂದೇ ಮಧ್ಯಾಹ್ನದಲ್ಲಿ ಕರಡಿಯನ್ನು ಮತ್ತೆ ಹೊಲಿದಳು. ಕಿವಿಗಳು ಕಿವಿಯ ಜಾಗದಲ್ಲೇ ಇವೆ, ಅಂಗಿ ಇಲ್ಲ. ಪದ್ದುವಿಗೆ ಏನೂ ನೆನಪಿಲ್ಲ. ನೆನಪೆಲ್ಲ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ ಸೀಮೆಸುಣ್ಣ ಎತ್ತಿದಾಗ, ಊಟಕ್ಕೆ ಕುಳಿತಾಗ, ಹಿತ್ತಲ ಬಾಗಿಲಿನಿಂದ ಆ ಕೂಗಿನವರೆಗಿನ ಹೊತ್ತನ್ನು ಮತ್ತೆ ಮತ್ತೆ ಅಳೆಯುತ್ತೇನೆ. ಆ ಶಬ್ದವನ್ನು ಇಪ್ಪತ್ತು ಸಲವಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಈಗ ದಿನವೂ ದೀಪ ಹಚ್ಚಿ ಕೈಮುಗಿದ ಕೂಡಲೇ ಅಮ್ಮ ಗಟ್ಟಿಯಾಗಿ, "ಸಾವಿತ್ರಿ, ಸೂಜಿ ಎಲ್ಲೈತೆ?" ಎಂದು ಕೇಳುತ್ತಾಳೆ. "ಡಬ್ಬೀಲಿದೆ ಅತ್ತೆ" ಎಂದು ಅವಳೂ ಅಷ್ಟೇ ಗಟ್ಟಿಯಾಗಿ ಹೇಳುತ್ತಾಳೆ. ಆ ಹೆಸರು ಕಿವಿಗೆ ಬಿದ್ದೊಡನೆ ದೀಪದ ಕಡೆ ತಿರುಗಿ, ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಳ್ಳುವವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದಾನೆ. ಅವನು ಬಿ.ಎ. ಪಾಸಾಗಿದ್ದಾನೆ.