ಬಲಗೈ ಬಿಟ್ಟು ಉಳಿದ ನನಗೆ ರಜೆ ಕೋರಿ

ಇಂದ:
ಹಿರಿಯ ಫಿಟ್ಟರ್ (ಎಲ್ಲರ ಬಾಯಲ್ಲಿ "ಅಕ್ಕ"),
ಎಲೆಕ್ಟ್ರಾನ್ ಯಂತ್ರ ವಿಭಾಗ, ನೆಲಮಹಡಿ

ಗೆ:
ಮುಖ್ಯ ವಿನ್ಯಾಸಕರು,
ಅದೇ ವಿಭಾಗ, ಮೇಲಿನ ಮಹಡಿ

ವಿಷಯ: ಮಗಳ ಹೆರಿಗೆಗೆ ಇಪ್ಪತ್ತು ದಿನ ರಜೆ, ತಪ್ಪಿದಲ್ಲಿ ಬಲಗೈ ಹೊರತುಪಡಿಸಿ ಉಳಿದ ಭಾಗಕ್ಕೆ ರಜೆ ಕೋರಿ.

ಉಲ್ಲೇಖ: ನನ್ನ ಹಿಂದಿನ ಮೂರು ಅರ್ಜಿಗಳು. ಮೂರರ ಮೇಲೂ ತಮ್ಮದೇ ಅಕ್ಷರ: "ಕೈ ಬೇಕು."

ಮಾನ್ಯರೇ,

೧. ನಮ್ಮ ಯಂತ್ರದಲ್ಲಿ ಎಲೆಕ್ಟ್ರಾನುಗಳು ಒಂದೇ ದಾರಿಯಲ್ಲಿ ನಾಲ್ಕು ಸುತ್ತು ಹಾಕಿ, ಸುತ್ತಿಗೊಮ್ಮೆ ಬಲ ಪಡೆದು ಹೊರಡುತ್ತವೆ. ಅವು ತಿರುಗುವ ಮೂಲೆಯಲ್ಲಿ, ಕೊಳವೆಗೂ ಅಯಸ್ಕಾಂತಕ್ಕೂ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಒಂದು ಬೋಲ್ಟ್ ಇದೆ. ಕೆಪಾಸಿಟರುಗಳು ಕೂಡಿಟ್ಟ ವಿದ್ಯುತ್ತನ್ನು ಒಂದೇ ಏಟಿಗೆ ಬಿಟ್ಟಾಗಲೆಲ್ಲ ಅಯಸ್ಕಾಂತ ಅದುರಿ ಬೋಲ್ಟ್ ಸಡಿಲವಾಗುತ್ತದೆ. ವಾರಕ್ಕೆರಡು ಸಲ ಬಿಗಿಯಬೇಕು.

೨. ಎಲೆಕ್ಟ್ರಾನು ಹೋಗುವ ಜಾಗವನ್ನು ತಾವು ಕೂದಲೆಳೆಯಷ್ಟೂ ತಪ್ಪದಂತೆ ಲೆಕ್ಕ ಹಾಕಿದ್ದೀರಿ. ಸ್ಪ್ಯಾನರ್ ಹಿಡಿದ ಕೈ ಹೋಗುವ ಜಾಗ ಲೆಕ್ಕಕ್ಕೆ ಬಂದಿಲ್ಲ. ವಿಭಾಗದ ಹನ್ನೊಂದು ಜನರಲ್ಲಿ ಆ ಸಂದಿಗೆ ತೂರುವುದು ನನ್ನ ಬಲಗೈ ಒಂದೇ. ಆದ್ದರಿಂದ ಯಂತ್ರ ನಡೆಯುತ್ತಿದೆ. ಆದ ಕಾರಣ ನನಗೆ ರಜೆ ಇಲ್ಲ.

೩. ಮಗಳ ಮೊದಲ ಹೆರಿಗೆಗೂ ಇದೇ ಕಾರಣದಿಂದ ಹೋಗಲಾಗಲಿಲ್ಲ. ನಾನು ನೋಡುವಷ್ಟರಲ್ಲಿ ಮೊಮ್ಮಗಳಿಗೆ ಎರಡು ಹಲ್ಲು ಬಂದಿದ್ದವು. ಯಾರೋ ಏನೋ ಎಂದು ನನ್ನನ್ನು ಕಂಡು ಅತ್ತಳು. ಮೊನ್ನೆ ಮಗಳು ಫೋನಿನಲ್ಲಿ, "ಈ ಸಲನಾದ್ರೂ ಬರ್ತೀಯೇನಮ್ಮಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ದಾರಿ ಕಾಯಲ್ಲ" ಎಂದಳು.

೪. ಈ ನಡುವೆ, ಮುಂದೆ ಕಟ್ಟಲಿರುವ ಎರಡನೇ ಯಂತ್ರದ ನಕ್ಷೆ ನೋಡಿದೆ. ಸಂದಿ ಅಷ್ಟೇ ಇದೆ. ಬೋಲ್ಟಿನ ಪಕ್ಕ, "ಬೇಕಾದ ಉಪಕರಣ" ಎಂಬಲ್ಲಿ "ಅಕ್ಕನ ಕೈ" ಎಂದು ಬರೆದಿದೆ. ಕಿರಿಯ ವಿನ್ಯಾಸಕಿಯನ್ನು ಕೇಳಿದರೆ, "ಹೇಗೂ ನಿಮ್ಮ ಕೈ ಇದೆಯಲ್ಲಕ್ಕಾ!" ಎಂದಳು.

"ಕೈ ಇದೆ ಕಣೇ, ಅದರ ಹಿಂದೆ ನಾನೂ ಇದ್ದೀನಿ" ಎಂದೆ.

ಪಾಪ, ನಾಚಿಕೊಂಡು ಚಹಾ ತಂದುಕೊಟ್ಟಳು. ನಕ್ಷೆ ತಿದ್ದಲು ಮಾತ್ರ ತಮ್ಮ ಸಹಿ ಬೇಕಂತೆ.

೫. ಹೊಸ ನಕ್ಷೆಯಲ್ಲಿ ಸಂದಿಯನ್ನು ಎರಡು ಬೆರಳಿನಷ್ಟು ಅಗಲಿಸಿದರೆ ಯಾರ ಕೈಯಾದರೂ ಹೋಗುತ್ತದೆ. ತಮ್ಮದೂ.

ಆದ್ದರಿಂದ ಬರುವ ಸೋಮವಾರದಿಂದ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಬಲಗೈ ಬಿಟ್ಟು ಹೋಗಬೇಕೆಂದಾದರೆ, ಅದನ್ನು ಯಾರ ವಶಕ್ಕೆ ಒಪ್ಪಿಸಬೇಕೆಂದು ತಿಳಿಸಿ. ಕೂಸನ್ನು ಎಡಗೈಯಲ್ಲೇ ಎತ್ತಿಕೊಳ್ಳುತ್ತೇನೆ.

ಸದ್ಯಕ್ಕೆ ಎರಡೂ ಕೈ ಜೋಡಿಸಿ,
ತಮ್ಮ ವಿಶ್ವಾಸಿ,
ಅಕ್ಕ

ಲಗತ್ತುಗಳು:
೧. ಹೆರಿಗೆಯ ದಿನ ನಮೂದಿಸಿದ ವೈದ್ಯರ ಚೀಟಿ.
೨. ಬಾಗಿದ ಸ್ಪ್ಯಾನರ್, ಒಂದು. ತಿಂಗಳಿಡೀ ಊಟದ ಬಿಡುವಿನಲ್ಲಿ ಅರ ಹಾಕಿ ಉಜ್ಜಿ ನಾನೇ ಮಾಡಿದ್ದು. ಉದ್ದ ಹಿಡಿಕೆ, ಕೈ ಹೊರಗಿದ್ದರೂ ಬೋಲ್ಟ್ ಸಿಗುತ್ತದೆ. ಮೊದಲು ಕೆಪಾಸಿಟರುಗಳನ್ನು ಖಾಲಿ ಮಾಡುವುದು ಮರೆಯಬೇಡಿ. ನಕ್ಷೆಯಲ್ಲಿ ಇದನ್ನೇ "ಅಕ್ಕನ ಕೈ" ಎಂದು ಕರೆದುಕೊಳ್ಳಬಹುದು. ಇನ್ನು ಮುಂದೆ ಇದು ಸಲ್ಲಿಸುವ ರಜೆ ಅರ್ಜಿಗಳನ್ನೆಲ್ಲ ತಿರಸ್ಕರಿಸಬೇಕಾಗಿ ವಿನಂತಿ.