ಪೇಪರ್ ಕಪ್ಪಿಗೆ ಗುರಿ

ಬಡ್ತಿ ಸಿಕ್ಕವನ ಕೈ ಕುಲುಕಲು ಎಲ್ಲರೂ ಬರುತ್ತಾರೆ. ಆ ಕೈಗಳಿಗೆ ಇನ್ನು ಮುಂದೆ ಕೆಲಸವೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಕತಾರಿನ ಗ್ಯಾಸ್ ಪ್ಲಾಂಟೊಂದರಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ಗದಗಿನಲ್ಲಿ ಐ.ಟಿ.ಐ. ಮುಗಿಸಿ ಹೋದವನು, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಸುಖವಾಗಿಯೇ ಇದ್ದೆ. ಅಷ್ಟರಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದರು. ಅಂದಿನಿಂದ ಬೇರೆಯವರು ಬಿಗಿದ ಬೋಲ್ಟುಗಳನ್ನು ನೋಡಿ ಗಂಭೀರವಾಗಿ ತಲೆಯಾಡಿಸುವುದೇ ನನ್ನ ಉದ್ಯೋಗವಾಯಿತು. ಮಧ್ಯಾಹ್ನ ಕಂಪನಿಯ ಬಸ್ಸು ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದ ಮುಂದೆ ಇಳಿಸಿ ಹೋಗುತ್ತಿತ್ತು. ಊಟ ಮಾಡಿ ಎಸಿಯ ಎದುರು ಕುಳಿತರೆ, ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ನನ್ನ ಕೈಗಳು ತೊಡೆಯ ಮೇಲೆ ಬಿದ್ದಿರುತ್ತಿದ್ದವು. ಅವನ್ನು ನೋಡಿದಾಗ ನಿಜವಾಗಿಯೂ ದುಃಖವಾಗುತ್ತಿತ್ತು. ಈ ದುಃಖದಲ್ಲಿ ಮೊದಲು ಮಿಕ್ಸರ್ ಬಿಚ್ಚಿದೆ, ಆಮೇಲೆ ಇಸ್ತ್ರಿಪೆಟ್ಟಿಗೆ ಬಿಚ್ಚಿದೆ. ಗೋಡೆಯ ಗಡಿಯಾರಕ್ಕೆ ಕೈ ಹಾಕಿದಾಗ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದ ಬಂದು ನಿಂತಳು. “ಚಲೋ ನಡಿಯೂದನ್ನ ಬಿಚ್ಚೂದಕ್ಕ ರಿಪೇರಿ ಅನ್ನಂಗಿಲ್ರೀ. ಅದು ಬ್ಯಾರೆ ರೋಗ” ಎಂದಳು.

ಈ ರೋಗಕ್ಕೆ ಮದ್ದು ಕೊಟ್ಟವರು ಸದಾಶಿವ ಶೆಟ್ಟರು. ಉಡುಪಿ ಕಡೆಯವರು, ನಮ್ಮ ಕಟ್ಟಡದ ಕೆಳಗೇ ಅವರದೊಂದು ಅಂಗಡಿಯಿತ್ತು. ಕೈಗಡಿಯಾರ, ಬ್ಯಾಟರಿ, ಟಾರ್ಚು, ಆಟಿಕೆ ಎಲ್ಲ ಮಾರುತ್ತಿದ್ದರು. ಈದ್ ಹತ್ತಿರ ಬಂತೆಂದರೆ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲುಗಳು ಅವರಲ್ಲಿ ರಾಶಿ ಬೀಳುತ್ತಿದ್ದವು. ಹಬ್ಬ ಮುಗಿಯುತ್ತಲೇ ಅವುಗಳಲ್ಲಿ ಅರ್ಧ ಕೆಟ್ಟು ವಾಪಸು ಬರುತ್ತಿದ್ದವು. ಒಂದು ದಿನ ಶೆಟ್ಟರು ಅಂಥವನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ನನ್ನ ಮುಂದೆ ಇಟ್ಟರು. “ನಿಮ್ಮ ಮನೆಯವರು ಗಡಿಯಾರ ಬಚ್ಚಿಟ್ಟಿದ್ದಾರಂತಲ್ಲ ಮಾರಾಯ್ರೆ, ಇದನ್ನಾದರೂ ಬಿಚ್ಚಿ. ಹಾಳಾಗ್ಲಿಕ್ಕೆ ಇನ್ನೆಂಥದೂ ಬಾಕಿ ಇಲ್ಲ ಇದರಲ್ಲಿ.”

ಆಳೆತ್ತರದ ವಾಲ್ವುಗಳನ್ನು ಬಿಚ್ಚಿ ಕೂಡಿಸಿದವನಿಗೆ ಅಂಗೈಯಗಲದ ಆಟಿಕೆ ಯಾವ ಲೆಕ್ಕ ಎಂದುಕೊಂಡೆ. ಮೊದಲ ಪಿಸ್ತೂಲಿನ ಎರಡು ಹೋಳು ಬೇರೆಯಾದ ಕ್ಷಣವೇ ಒಳಗಿದ್ದ ಸ್ಪ್ರಿಂಗು ಹಾರಿ ಹೋಯಿತು. ಅದು ಸುಮಿತ್ರಾ ಕಲಸಿಟ್ಟಿದ್ದ ಹಿಟ್ಟಿನಲ್ಲಿ ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಅವಳಿಗೆ. ಎರಡನೆಯದನ್ನು ಹಾಸಿಗೆಯ ಮೇಲೆ ಚಾದರ ಹೊದ್ದುಕೊಂಡು, ಅದರೊಳಗೇ ಬಿಚ್ಚಿದೆ. ಹಾರಿದ್ದು ಹೊರಗೆ ಹೋಗಬಾರದಲ್ಲ! ಹಾಗೆ ಗುಡಾರದೊಳಗೆ ಬೆವರುತ್ತ ಕೂತು ಅದರ ಗುಟ್ಟು ತಿಳಿದುಕೊಂಡೆ. ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರೆ ಸ್ಪ್ರಿಂಗು ಮುದುಡುತ್ತದೆ, ಕುದುರೆ ಒತ್ತಿದರೆ ಅದು ಬಿಚ್ಚಿಕೊಂಡು ಪಿಸ್ಟನ್ನಿನಂಥ ಒಂದು ದಟ್ಟೆಯನ್ನು ನೂಕುತ್ತದೆ, ದಟ್ಟೆ ಗಾಳಿಯನ್ನು ನೂಕುತ್ತದೆ, ಗಾಳಿ ಗುಂಡನ್ನು ನೂಕುತ್ತದೆ. ಸೈಕಲ್ ಪಂಪಿಗಿಂತ ಹೆಚ್ಚಿನ ಬ್ರಹ್ಮವಿದ್ಯೆ ಅದರಲ್ಲಿಲ್ಲ. ಆದರೂ ನಾನು ಕೂಡಿಸಿದ ಪಿಸ್ತೂಲುಗಳಿಂದ ಗುಂಡು ಹಾರುತ್ತಿರಲಿಲ್ಲ, ಇಳಿಯುತ್ತಿತ್ತು. ಸ್ಪ್ರಿಂಗು ಸೋತಿದೆ ಎಂದು ಗಟ್ಟಿ ಸ್ಪ್ರಿಂಗು ಹಾಕಿದೆ, ದಟ್ಟೆಯೇ ಸೀಳಿತು. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ದಟ್ಟೆಯ ಸುತ್ತಲಿನ ರಬ್ಬರು ಸವೆದು ಗಾಳಿ ಸೋರುತ್ತಿದೆ ಎಂದು. ಪ್ಲಾಂಟಿನಲ್ಲಿ ದಿನವಿಡೀ ಸಾಬೂನು ನೀರು ಬಳಿಸಿ ‘ಗ್ಯಾಸ್ ಸೋರುತ್ತಿದೆಯೇ ನೋಡಿ’ ಎಂದು ಗದರುವವನು ನಾನೇ ಎಂಬುದನ್ನು ಸುಮಿತ್ರಾಗೆ ನೆನಪಿಸಲಿಲ್ಲ. ಹಳೆಯ ಸೇಫ್ಟಿ ಶೂವಿನ ನಾಲಿಗೆಯಿಂದ ಬಿಲ್ಲೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ರಬ್ಬರಿನ ಜಾಗಕ್ಕೆ ಕೂಡಿಸಿದೆ. ಗುಂಡು ಹಾರಿ ಪರದೆಗೆ ಬಡಿಯಿತು. ನನ್ನ ಕೈಗಳು ನನಗೆ ವಾಪಸು ಸಿಕ್ಕವು ಎನಿಸಿ ಕಣ್ಣು ತೇವವಾಯಿತು.

ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ರಿಪೇರಿ ಕಲಿತವನಿಗೆ ಕರ್ತೃವಾಗುವ ಚಪಲ ಹುಟ್ಟುತ್ತದೆ. ಮುರಿದ ಆ್ಯಂಟೆನಾದ ಕೊಳವೆಯಿಂದ ನಳಿಗೆ ಮಾಡಿದೆ, ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಹಿಡಿ ಕೆತ್ತಿದೆ, ಒಳಗಿನದೆಲ್ಲ ಶೆಟ್ಟರ ರಟ್ಟಿನ ಪೆಟ್ಟಿಗೆಯಿಂದ ಆಯ್ದುಕೊಂಡೆ. ಕೊನೆಗೆ ಕಪ್ಪು ಬಣ್ಣ ಬಳಿದೆ. ಸುಮಿತ್ರಾ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ನಾನು ಪ್ರಶಂಸೆ ಎಂದುಕೊಂಡೆ.

ಒಂದು ಶುಕ್ರವಾರ ಸಂಜೆ, ಬಿಸಿಲು ಇಳಿದ ಮೇಲೆ, ತಾರಸಿಯ ಕಟ್ಟೆಯ ಮೇಲೆ ಹಾಲಿನ ಪುಡಿಯ ಖಾಲಿ ಡಬ್ಬವಿಟ್ಟು ಗುರಿ ಹಿಡಿದೆ. ಡಬ್ಬದ ಆಚೆ ಎದುರು ಕಟ್ಟಡ, ಅದರ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಒಬ್ಬ ಹೆಂಗಸು. ನಾನು ಡಬ್ಬವನ್ನಷ್ಟೇ ನೋಡುತ್ತಿದ್ದೆ, ಆಕೆ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಇಬ್ಬರು ಪೊಲೀಸರು ನಿಂತಿದ್ದರು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು, “ಯಲ್ಲಾ” ಎಂದು ಹೊರಡುವಂತೆ ಸನ್ನೆ ಮಾಡಿದರು. ನಾನು ಬನಿಯನ್ನಿನಲ್ಲಿ ಹಾಗೇ ಹೊರಟಿದ್ದೆ. ಸುಮಿತ್ರಾ ಅಂಗಿ ತಂದು ತೊಡಿಸಿ ಗುಂಡಿ ಹಾಕಿದಳು. “ಶೆಟ್ಟರನ್ನ ಕಳಸ್ತೀನ್ರಿ. ನೀವು ಹೆಚ್ಚ ಮಾತಾಡಬ್ಯಾಡ್ರಿ” ಎಂದಳು. ಜೀಪಿನಲ್ಲಿ ಕುಳಿತಾಗ, ಕೆಲಸ ಹೋಗಿ ವೀಸಾ ರದ್ದಾಗಿ ಊರಿಗೆ ಮರಳಿದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಅವರಲ್ಲಿ ಯಾರೂ ಆಟಿಕೆ ಮಾಡಿ ಮರಳಿದವರಿರಲಿಲ್ಲ. ಊರಲ್ಲಿ ಏನೆಂದು ಹೇಳುವುದು?

ಠಾಣೆಯಲ್ಲಿ ಮೇಜಿನ ಹಿಂದೆ ಒಬ್ಬ ಹಿರಿಯ ಆಫೀಸರು ಇದ್ದರು. ಶೆಟ್ಟರು ಓಡಿಬಂದು ನನ್ನ ಪಕ್ಕ ನಿಂತರು. ವ್ಯಾಪಾರದಿಂದ ಕಲಿತ ಅರಬ್ಬಿ ಅವರಿಗೆ ಚೆನ್ನಾಗಿ ಬರುತ್ತಿತ್ತು. ಆಫೀಸರು ಪಿಸ್ತೂಲನ್ನು ತಿರುಗಿಸಿ ನೋಡಿ, ಭಾರ ತೂಗಿ, ಇದು ಎಲ್ಲಿ ಸಿಕ್ಕಿತೆಂದು ಕೇಳಿದರು.

“ನಾನು ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ. ಅಂಗಡಿಯದ್ದು ಅಂತ ನಾನು ಹೇಳ್ತೇನೆ” ಎಂದು ಶೆಟ್ಟರು ಪಿಸುಗುಟ್ಟಿದರು.

ಆದರೆ ಆಫೀಸರ ಬೆರಳು ನಾನು ಕೆತ್ತಿದ ಹಿಡಿಯ ಮೇಲೆ ಓಡಾಡುತ್ತಿತ್ತು. ಅಷ್ಟು ದಿನಗಳಲ್ಲಿ ಯಾರೂ ಅದನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. “ಐ ಮೇಡ್ ಇಟ್, ಸರ್” ಎಂದುಬಿಟ್ಟೆ. ಶೆಟ್ಟರು ಕಣ್ಣು ಮುಚ್ಚಿಕೊಂಡರು.

ಬಿಚ್ಚಿ ತೋರಿಸು ಎಂದರು ಆಫೀಸರು. ಯಾರೋ ಸ್ಕ್ರೂಡ್ರೈವರ್ ತಂದುಕೊಟ್ಟರು. ನಾನು ಒಂದೊಂದೇ ಭಾಗ ಬಿಚ್ಚಿ ಮೇಜಿನ ಮೇಲಿಟ್ಟು ವಿವರಿಸಿದೆ, ಶೆಟ್ಟರು ಅರಬ್ಬಿಗೆ ತಿರುಗಿಸಿದರು. ಶೂವಿನ ನಾಲಿಗೆ ಬಂದಾಗ ಅವರಿಗೆ ಶಬ್ದ ಸಿಗದೆ ತಮ್ಮದೇ ನಾಲಿಗೆ ಚಾಚಿ ತೋರಿಸಿದರು. ಸ್ಪ್ರಿಂಗು ತನ್ನ ಹಳೆಯ ಚಾಳಿಯಂತೆ ಹಾರಿ ಕಪಾಟಿನ ಅಡಿಗೆ ಹೋಯಿತು. ಒಬ್ಬ ಪೊಲೀಸು ಮೊಣಕಾಲೂರಿ ತೆಗೆದುಕೊಟ್ಟನು. ಎಲ್ಲ ಕೂಡಿಸಿದೆ. ಆಫೀಸರು ತಾವು ಚಹಾ ಕುಡಿದು ಮುಗಿಸಿದ ಪೇಪರ್ ಕಪ್ಪನ್ನು ಮೇಜಿನ ಆ ತುದಿಗೆ ಇಟ್ಟು, ಹೊಡೆ ಎಂದು ಸನ್ನೆ ಮಾಡಿದರು.

ಕಪ್ಪು ಹಾರಿದರೆ ಗತಿಯೇನು ಎಂಬ ಭಯ ನನಗೆ ಬರಬೇಕಿತ್ತು. ಬಂದದ್ದು, ತಪ್ಪಿದರೆ ಮಾನ ಹೋಗುತ್ತದಲ್ಲ ಎಂಬ ಭಯ. ಉಸಿರು ಬಿಗಿಹಿಡಿದು ಒತ್ತಿದೆ. ಗುರಿ ತಪ್ಪಲಿಲ್ಲ. ಗುಂಡು ಕಪ್ಪಿಗೆ ‘ಟಪ್’ ಎಂದು ತಾಗಿ ಅಲ್ಲೇ ಬಿತ್ತು. ಖಾಲಿ ಕಪ್ಪು ಅಲುಗಲೂ ಇಲ್ಲ. ಆಫೀಸರು ಮತ್ತೆ ಗುಂಡು ಹಾಕಿಸಿ, ನನ್ನಿಂದ ಪಿಸ್ತೂಲು ಪಡೆದು ತಾವೇ ಒಮ್ಮೆ ಒತ್ತಿದರು. ಗುಂಡು ನಳಿಗೆಯ ತುದಿಯವರೆಗೆ ಬಂದು, ಯೋಚಿಸಿ, ಅವರ ತೊಡೆಯ ಮೇಲೆ ಬಿತ್ತು. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಪಿಸ್ತೂಲನ್ನು ಡ್ರಾಯರಿನಲ್ಲಿ ಹಾಕಿ, ತಾರಸಿಯಲ್ಲಿ ಇನ್ನೊಮ್ಮೆ ಇಂಥದ್ದು ಹಿಡಿಯಬೇಡ ಎಂದು ಶೆಟ್ಟರ ಮೂಲಕ ಹೇಳಿಸಿ, ನಮ್ಮಿಬ್ಬರಿಗೂ ಚಹಾ ತರಿಸಿದರು. “ಖಲಾಸ್” ಎಂದು ಕೈ ಬೀಸಿದರು.

ಹೊರಗೆ ಬಂದ ಮೇಲೆ ಶೆಟ್ಟರು ದೇವರಿಗೆ ಕೈಮುಗಿದರು. “ನಿಮ್ಮದು ಸರಿಯಾಗಿ ಹೊಡೀತಿದ್ರೆ ಇವತ್ತು ನಿಮ್ಮ ಕಥೆ ಮುಗೀತಿತ್ತು ಮಾರಾಯ್ರೆ” ಎಂದರು. ಮಾತು ನಿಜ. ಆದರೂ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದುದು, ಶೂ ಚರ್ಮ ಒಣಗಿತ್ತೋ ಏನೋ, ಇನ್ನಷ್ಟು ಎಣ್ಣೆ ಹಾಕಬೇಕಿತ್ತು ಎಂದು. ಮನೆಯಲ್ಲಿ ಸುಮಿತ್ರಾ ನನ್ನನ್ನು ಕಂಡೊಡನೆ ಬಾಗಿಲಲ್ಲೇ ಕುಸಿದು ಕುಳಿತು ಅತ್ತಳು. ಆಗ ಎಣ್ಣೆಯ ಯೋಚನೆ ಬಿಟ್ಟು ಅವಳ ಪಕ್ಕ ಕುಳಿತೆ.

ಮುಂದಿನ ಶುಕ್ರವಾರ ಸುದ್ದಿ ತಿಳಿದ ನಮ್ಮ ಕಡೆಯವರೆಲ್ಲ ಮನೆಗೆ ಬಂದರು. ಏನಾಯಿತು, ಹೇಗಾಯಿತು ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದಹಾಗೇ ಹೇಳುತ್ತ ಬಂದೆ. ಗುಂಡು ಕಪ್ಪಿನ ಹತ್ತಿರ ಬಂದಾಗ ಮಾತ್ರ ನಾಲಿಗೆ ನನ್ನ ಕೈ ಮೀರಿತು. “ಒಂದಽ ಏಟಿಗೆ ಕಪ್ಪು ಉಳ್ಳಿ ಬಿತ್ತು” ಎಂದು, ಅಂಜುತ್ತ ಶೆಟ್ಟರ ಕಡೆ ನೋಡಿದೆ. ಅವರು ನಿಧಾನವಾಗಿ ಚಹಾ ಹೀರಿ, “ಬೀಳುವುದೆಂಥ! ಒಳಗಿನ ಚಹಾ ಪೂರಾ ಆಫೀಸರ ಅಂಗಿಗೆ ಚೆಲ್ಲಿತು ಮಾರಾಯ್ರೆ” ಎಂದರು. ಎಲ್ಲರೂ ಬೆರಗಾಗಿ ನನ್ನ ಕೈಗಳನ್ನು ನೋಡಿದರು.

ಸುಮಿತ್ರಾ ಅವಲಕ್ಕಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. “ಮೈಮ್ಯಾಲೆ ಬಿಸಿ ಚಾ ಚೆಲ್ಲಿದವರನ್ನ ಅವರು ಹ್ಯಾಂಗ ಬಿಟ್ಟು ಕಳಿಸಿದರ್ರೀ?” ಎಂದು ಕೇಳಿದಳು.

“ಆಫೀಸರು ಭಾಳ ಒಳ್ಳೆಯವರಿದ್ರು” ಎಂದೆ. ಕಪ್ಪು ಬೀಳಿಸಿದ ಮೇಲೆ ಆ ಪಿಸ್ತೂಲಿನ ಬಗ್ಗೆ ನಾನು ಮತ್ತೇನೇನು ಹೇಳಿದೆನೋ ನೆನಪಿಲ್ಲ; ಅದೊಂದು ಮಾತು ಮಾತ್ರ ನಿಜವಾಗಿತ್ತು.