ಆರು ಬೊಟ್ಟಿನ ಸಾಲ್ಮನ್

೨೦೨೦ರ ಅಕ್ಟೋಬರ್ ೨೫, ಭಾನುವಾರ, ಬೆಳಿಗ್ಗೆ ಆರು ಗಂಟೆ. ಇದು ಹೊಸ ಆರು. ಹಿಂದಿನ ರಾತ್ರಿಯೇ ಈ ಡಚ್ಚರ ದೇಶದ ಗಡಿಯಾರಗಳೆಲ್ಲ ಚಳಿಗಾಲಕ್ಕೆಂದು ಒಂದು ಗಂಟೆ ಹಿಂದೆ ಸರಿದಿದ್ದವು. ಹಳೆಯ ಲೆಕ್ಕದಲ್ಲಿ ಏಳು. ದಿನಚರಿಯಲ್ಲಿ ಎರಡನ್ನೂ ಬರೆದಿದ್ದೇನೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಅಂದು ಆಯುಧಪೂಜೆ. ವಾಗೆನಿಂಗನ್ನಿನ ನಮ್ಮ ನೆಲಮಹಡಿಯ ಮನೆಯಲ್ಲಿ ಆಯುಧಗಳೆಂದರೆ ಎರಡು ಸೈಕಲ್, ಎರಡು ಲ್ಯಾಪ್‌ಟಾಪ್, ಒಂದು ಮಿಕ್ಸಿ ಮತ್ತು ಮೇಲಿನ ಮನೆಯ ಯಾನ್ ಅವರ ಮೀನು ಹಿಡಿಯುವ ಸಾಮಾನು. ಯಾನ್ ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ಗಾಳದ ಕೋಲುಗಳನ್ನು ಹೊತ್ತು ಮೂರು ಮಹಡಿ ಹತ್ತಲಾರದೆ ನಮ್ಮ ಸೈಕಲ್ ಕೋಣೆಯಲ್ಲಿ ಇಟ್ಟಿದ್ದರು. ನಮ್ಮ ಸೂರಿನ ಕೆಳಗಿದ್ದ ಮೇಲೆ ಅವೂ ನಮ್ಮ ಆಯುಧಗಳೇ ಎಂದು ನಾನು ತೀರ್ಮಾನಿಸಿದೆ.

ಕೋಲಿಗೆ ಕುಂಕುಮ. ಬಲೆಯ ಹಿಡಿಗೆ ಕುಂಕುಮ. ಕೊನೆಗೆ ಮೀನನ್ನು ಮಲಗಿಸಿ ಉದ್ದ ಅಳೆಯುವ ಬಿಳಿಯ ಚಾಪೆ. ಅದರ ಮೇಲೆ ಸೆಂಟಿಮೀಟರಿನ ಗೆರೆಗಳಿದ್ದವು. ಗೆರೆ ಕಂಡರೆ ನನಗೆ ಶಿಸ್ತು ಉಕ್ಕುತ್ತದೆ. ಹತ್ತು ಸೆಂಟಿಮೀಟರಿಗೊಂದರಂತೆ ಅಚ್ಚುಕಟ್ಟಾಗಿ ಬೊಟ್ಟಿಟ್ಟೆ. ಹೊಳೆಯ ತೇವಕ್ಕೆ ಅಳಿಸಿಹೋಗಬಾರದೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದೆ. ತಲೆಯ ಕಡೆಗೆ ನಾಲ್ಕು ಸೇವಂತಿಗೆ ಎಸಳು ಏರಿಸಿ, ಚಾಪೆಯನ್ನು ಭಕ್ತಿಯಿಂದ ಸುತ್ತಿಟ್ಟೆ.

"ಎಲ್ಲದಕ್ಕೂ ಆಯ್ತಾ? ಟೋಸ್ಟರ್‌ಗೆ?" ಎಂದು ಹಾಸಿಗೆಯಿಂದಲೇ ಕೇಳಿದ ಪ್ರಶಾಂತ. ಇವನು ನನ್ನ ಗಂಡ. ಇವನ ಹೂಫ್‌ಡಾರ್ಪಿನ ಆಫೀಸು ಮಾರ್ಚಿನಿಂದ ನಮ್ಮ ಊಟದ ಮೇಜಿಗೆ ವರ್ಗವಾಗಿತ್ತು. ದಿನವಿಡೀ ಅದೇ ಮೇಜಿನಿಂದ "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಎಂದು ಲೋಕವನ್ನು ವಿಚಾರಿಸಿಕೊಳ್ಳುತ್ತಿದ್ದ. ಆಲೂಗಡ್ಡೆಯ ರೋಗದ ಮೇಲೆ ಪಿಎಚ್.ಡಿ. ಮಾಡುವ ನನಗೆ ಪ್ರಯೋಗಾಲಯಕ್ಕೆ ವಾರದಲ್ಲಿ ಎರಡೇ ದಿನ ಪ್ರವೇಶ. ಉಳಿದ ದಿನ ನಾನು ರೈನ್ ನದಿಯ ದಡದಲ್ಲಿ ಯಾನ್ ಅವರ ಪಕ್ಕದಲ್ಲಿ, ಒಂದು ಗಾಳದ ಕೋಲಿನಷ್ಟು ದೂರದಲ್ಲಿ, ಕುಳಿತಿರುತ್ತಿದ್ದೆ.

ಆ ಕುಳಿತುಕೊಳ್ಳುವಿಕೆಯೇ ಒಂದು ನಿದ್ದೆಯಂತೆ. ಮಂಜಿನಲ್ಲಿ ಸರಕಿನ ದೋಣಿಗಳು ಸದ್ದಿಲ್ಲದೆ ಜಾರಿಹೋಗುತ್ತಿದ್ದವು. ಎದುರಿನ ದಡ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಬಾತುಗಳು ಆಕಾಶದಲ್ಲಿ ಗೆರೆ ಎಳೆದು ತಾವೇ ಅಳಿಸುತ್ತಿದ್ದವು. ಯಾನ್ ಗಂಟೆಗೊಂದು ಮಾತಾಡುತ್ತಿದ್ದರು. ಕಾಯಿಲೆಯ ಸುದ್ದಿ ಆ ದಡದವರೆಗೆ ಬರುತ್ತಿರಲಿಲ್ಲ.

ಆ ಜಾಗಕ್ಕೇ ಈಗ ಕುತ್ತು ಬಂದಿತ್ತು. ಯಾನ್ ಅವರ ಗಾಳದ ಸಂಘದಲ್ಲಿ ಮೀನು ಎಣಿಸುವ ಒಂದು ಚಿಕ್ಕ ಬಳಗವಿದೆ. ಆ ದಡದ ಬೇಲಿಯ ಬೀಗದ ಕೈ ಬಳಗದವರಿಗೆ ಮಾತ್ರ. ಸಾಲ್ಮನ್ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ. ಎರಡೂ ಪಕ್ಕದ ಫೋಟೋ ತೆಗೆದು ತಕ್ಷಣ ನೀರಿಗೆ ಬಿಟ್ಟು, ಜಾತಿ ಬರೆದು ಕಳಿಸಬೇಕು. ಮೂರು ಸಲ ತಪ್ಪು ಜಾತಿ ಬರೆದವರು ಬಳಗದಿಂದ ಹೊರಗೆ. ಯಾನ್ ಆಗಲೇ ಎರಡು ಸಲ ತಪ್ಪಿದ್ದರು. ಒಮ್ಮೆ ಸಮುದ್ರದ ಟ್ರೌಟನ್ನು ಸಾಲ್ಮನ್ ಎಂದಿದ್ದರು. ಇನ್ನೊಮ್ಮೆ ಸಾಲ್ಮನ್ನಿಗೆ ದೂರದ ನೆಂಟನೂ ಅಲ್ಲದ ಯಾವುದೋ ಬೆಳ್ಳಿ ಮೀನನ್ನು.

ನಾನು ಸುಮ್ಮನಿರುವವಳೇ? ಹುಟ್ಟಾ ಸಸ್ಯಾಹಾರಿ, ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ. ಆದರೆ ಎರಡು ವಾರ ಓದಿ ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದೆ. ದವಡೆ ಕಣ್ಣಿನ ಹಿಂದಿನ ಅಂಚನ್ನು ದಾಟಿದರೆ ಟ್ರೌಟ್, ದಾಟದಿದ್ದರೆ ಸಾಲ್ಮನ್. ಬಾಲದ ಬುಡ ಸಪೂರವಾಗಿದ್ದರೆ ಸಾಲ್ಮನ್. ಮೈಮೇಲೆ ಕೆಂಪು ಚುಕ್ಕೆ ಇದ್ದರೆ ಹೊಳೆಯ ಟ್ರೌಟ್. ಇದನ್ನು ಯಾನ್ ಅವರಿಗೆ ದಿನವೂ ಒಪ್ಪಿಸುತ್ತಿದ್ದೆ. ನಲವತ್ತು ವರ್ಷ ಗಾಳ ಹಾಕಿದ ಮನುಷ್ಯ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದರು.

ಅಂದು ಬೆಳಕು ಹರಿಯುವ ಹೊತ್ತಿಗೆ ಕೋಲು ಬಾಗಿತು. ಯಾನ್ ಎದ್ದು ನಿಂತರು. ಬಹಳ ಹೊತ್ತು ನದಿ ಒಂದು ಕಡೆ, ಅವರು ಒಂದು ಕಡೆ. ಆಮೇಲೆ ಮಂಜಿನೊಳಗಿಂದ, ಮಂಜೇ ಗಟ್ಟಿಯಾದಂತೆ, ಒಂದು ಮೀನು ಬಂತು.

"ಸಾಲ್ಮನ್," ಎಂದರು ಯಾನ್, ಮೆಲ್ಲಗೆ.

ಅವರಿಗೆ ಮೀನಿನ ತಲೆಯ ಹತ್ತಿರ ಬಗ್ಗಿ ನೋಡುವ ಆಸೆ. ನಾನು ಬಿಡಲಿಲ್ಲ. ಮೀನು ನೀರಿನ ಹೊರಗೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಇರಬಾರದೆಂದು ನಾನೇ ನಿಯಮ ಮಾಡಿದ್ದೆ. ಚಾಪೆ ಬಿಚ್ಚಿದೆ, ಅವರು ಮಲಗಿಸಿದರು, ಒಂದು ಫೋಟೋ. ತಿರುಗಿಸಿದರು, ಇನ್ನೊಂದು ಫೋಟೋ. ಉದ್ದ ಅರವತ್ತನಾಲ್ಕು. ಮಾಸ್ಕಿನ ಉಸಿರಿಗೆ ನನ್ನ ಕನ್ನಡಕ ಪೂರ್ತಿ ಮಂಜಾಗಿತ್ತು. ಆದರೂ ಹದಿನೆಂಟು ಸೆಕೆಂಡಿಗೆ ಮುಗಿಸಿದೆ. ಮೀನು ಒಂದು ಸಲ ಬಾಲ ಬೀಸಿ ಹೋಯಿತು. "ಸಾಲ್ಮನ್" ಎಂದು ಬರೆದು, ಫೋಟೋಗಳನ್ನು ದಡದಿಂದಲೇ ಕಳಿಸಿದೆ. ಯಾನ್ ಟೊಪ್ಪಿ ತೆಗೆದು ನದಿಯ ಕಡೆ ನೋಡುತ್ತ ನಿಂತಿದ್ದರು. ನನಗೂ ನೆಲದ ಮೇಲೆ ಕಾಲಿರಲಿಲ್ಲ.

ಮನೆಗೆ ಬಂದು ಪ್ರಶಾಂತನಿಗೆ ಫೋನ್ ಕೊಟ್ಟೆ. ಮೊದಲನೆಯ ಫೋಟೋ ನೋಡಿ ಚೆನ್ನಾಗಿದೆ ಎಂದ. ಎರಡನೆಯದನ್ನು ದೊಡ್ಡದು ಮಾಡಿ ನೋಡಿದ. ಫ್ರಿಜ್ಜಿನ ಪಟ್ಟಿಯನ್ನೂ ಒಮ್ಮೆ ನೋಡಿದ.

"ಲೇ, ಈ ಮೀನಿಗೆ ಕುಂಕುಮ ಯಾರೇ ಇಟ್ಟಿದ್ದು?"

ಬೆಳ್ಳಿಯ ಮೈಮೇಲೆ, ಸೊಂಟಪಟ್ಟಿಯಂತೆ, ಆರು ಕೆಂಪು ಬೊಟ್ಟುಗಳು. ಹತ್ತು ಸೆಂಟಿಮೀಟರಿಗೊಂದು. ಅಚ್ಚುಕಟ್ಟು!

ಸಂಜೆ ತೀರ್ಪುಗಾರರು ಯಾನ್ ಅವರನ್ನು ವಿಡಿಯೋ ಕರೆಗೆ ಕರೆದರು. ಸಂಘದ ಕಾರ್ಯದರ್ಶಿ ಹೆಂಗಸೊಬ್ಬರು, ಜೊತೆಗೆ ಇಬ್ಬರು ಸದಸ್ಯರು. ಯಾನ್ ತಮ್ಮ ಮನೆಯಿಂದ ಟೈ ಕಟ್ಟಿಕೊಂಡು ಕುಳಿತಿದ್ದರು. ಫೋಟೋ ತೆಗೆದವಳೆಂದು ನಾನೂ ನಮ್ಮ ಊಟದ ಮೇಜಿನಿಂದ ಕರೆಗೆ ಸೇರಿಕೊಂಡಿದ್ದೆ. ಅಷ್ಟರೊಳಗೆ ಅವರಿಗೆ ವಿಷಯ ಹೇಳಬೇಕೆಂದು ನಾನು ಮೂರು ಸಲ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಲು ಧೈರ್ಯ ಸಾಲದೆ ಇಳಿದಿದ್ದೆ. ಕಾರ್ಯದರ್ಶಿಯ ಮಾತು ನೇರವಾಗಿತ್ತು. ಮೊದಲ ಫೋಟೋದ ಮೀನಿಗೆ ಕೆಂಪು ಚುಕ್ಕೆ ಇಲ್ಲ, ಎರಡನೆಯದಕ್ಕೆ ಇದೆ. ಒಂದೇ ಮೀನಿನ ಎರಡು ಪಕ್ಕ ಎರಡು ಜಾತಿ ಆಗುವುದಿಲ್ಲ. ಅಂದರೆ ಇವು ಎರಡು ಬೇರೆ ಮೀನು, ವರದಿ ಒಂದು. ಇದು ಗುರುತಿಸುವ ತಪ್ಪಲ್ಲ, ಮೋಸ.

ಯಾನ್ ಟೈ ಸರಿಮಾಡಿಕೊಂಡರು. "ನಾನು ತಪ್ಪಾಗಿ ಗುರುತಿಸ್ತೀನಿ, ನಿಜ. ಸುಳ್ಳು ಹೇಳೋದಿಲ್ಲ," ಎಂದರು.

ಆಗ ನಾನು ಬಾಯಿಬಿಟ್ಟೆ. ವರ್ಷಕ್ಕೊಮ್ಮೆ ನಾವು ಉಪಕರಣಗಳಿಗೆ ಬೊಟ್ಟಿಟ್ಟು ಕೈಮುಗಿಯುತ್ತೇವೆ ಎಂದು ನನ್ನ ಹರುಕು ಡಚ್ಚಿನಲ್ಲಿ ವಿವರಿಸಿದೆ. ಮೂರು ಮುಖಗಳು ಅಲುಗಾಡಲಿಲ್ಲ. ಸಂಪರ್ಕವೇ ನಿಂತಿತೇನೋ ಎಂದುಕೊಂಡೆ. ಪುರಾವೆ ಬೇಕಿತ್ತು. ಅಡುಗೆಮನೆಯಿಂದ ಇಲ್ಲಿಯ ಉದ್ದನೆಯ ಸೌತೆಕಾಯಿ ತಂದು, ನೀರಲ್ಲಿ ಅದ್ದಿ, ಕ್ಯಾಮೆರಾದ ಮುಂದೆ ಚಾಪೆಯ ಮೇಲೆ ಒತ್ತಿ ಎತ್ತಿ ಹಿಡಿದೆ. ಸೌತೆಕಾಯಿಯ ಮೇಲೆ ಮೂರು ಕೆಂಪು ಬೊಟ್ಟು.

"ಇದು ಯಾವ ಜಾತಿ?" ಎಂದು ಕೇಳಿದ ಒಬ್ಬ ಸದಸ್ಯ, ಗಂಭೀರವಾಗಿ.

ಕಾರ್ಯದರ್ಶಿ ನಕ್ಕುಬಿಟ್ಟರು. ಮೋಸದ ಆರೋಪ ಅಲ್ಲಿಗೆ ಬಿತ್ತು. ಇನ್ನು ಉಳಿದದ್ದು ಜಾತಿ. ಬಾಲ ಅರ್ಧ ಚಾಪೆಯ ಅಂಚಿನಲ್ಲಿ ಮಡಚಿತ್ತು. ಎರಡನೆಯ ಫೋಟೋದಲ್ಲಿ ಮೀನಿನ ತಲೆ ಅಲುಗಾಡಿತ್ತು. ಮೊದಲನೆಯದೇ ಗತಿ, ಅದರಲ್ಲಿ ದವಡೆ ಕಣ್ಣನ್ನು ದಾಟಿದೆಯೇ ಎಂದು ನೋಡಿದರೆ ಆಯಿತು.

"ಈ ಹಳದಿ ಎಲೆಯೊಂದು ಇರದಿದ್ದರೆ ಈಗಲೇ ಹೇಳಬಹುದಿತ್ತು," ಎಂದರು ಕಾರ್ಯದರ್ಶಿ. ದವಡೆಯ ತುದಿಗೂ ಕಣ್ಣಿಗೂ ನಡುವೆ ಸರಿಯಾಗಿ, ಮೀನು ಒದ್ದಾಡುವಾಗ ಚಾಪೆಯಿಂದ ಎದ್ದ ಏನೋ ಅಂಟಿಕೊಂಡಿತ್ತು.

"ಎಲೆ ಅಲ್ಲ," ಎಂದೆ. "ಸೇವಂತಿಗೆ."

ಮೂವರೂ ಮುಕ್ಕಾಲು ಗಂಟೆ ವಾದಿಸಿದರು. ಒಬ್ಬರು ಸಾಲ್ಮನ್, ಒಬ್ಬರು ಟ್ರೌಟ್, ಒಬ್ಬರು ಎರಡು ಸಲ ಮನಸ್ಸು ಬದಲಾಯಿಸಿದರು. ಕೊನೆಗೆ "ಗುರುತಿಸಲಾಗಲಿಲ್ಲ" ಎಂದು ಬರೆದರು. ಗುರುತಿಸಲಾಗದ್ದು ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ. ಯಾನ್ ಅವರ ಬೀಗದ ಕೈ ಉಳಿಯಿತು. ಅವರ ಸಾಲ್ಮನ್ ಉಳಿಯಲಿಲ್ಲ.

ಮರುದಿನ ದಡದಲ್ಲಿ ನಾನು ಕ್ಷಮೆ ಕೇಳಿದೆ. ಯಾನ್ ನದಿಯನ್ನೇ ನೋಡುತ್ತಿದ್ದರು. ಗಂಟೆಗೊಂದರ ಮಾತು ಬರಲು ತಡವಾಯಿತು.

"ನಲವತ್ತು ವರ್ಷದಲ್ಲಿ ನನ್ನ ಗಾಳಕ್ಕೆ ಯಾರೂ ಕೈಮುಗಿದಿರಲಿಲ್ಲ, ಬ್ಯೂರ್‌ಫ್ರಾವ್," ಎಂದರು. ಅಕ್ಕಪಕ್ಕದ ಮನೆಯಾಕೆಯನ್ನು ಡಚ್ಚರು ಕರೆಯುವುದು ಹಾಗೆ. "ಮುಂದಿನ ವರ್ಷವೂ ಮಾಡಿ. ಆದರೆ ಮೀನು ಹಿಡಿದಾದ ಮೇಲೆ." ಅಂದಿನಿಂದ ಬಳಗದಲ್ಲಿ ನನಗೊಂದು ಅಧಿಕೃತ ಜವಾಬ್ದಾರಿ ಸಿಕ್ಕಿದೆ. ಚಹಾದ ಫ್ಲಾಸ್ಕ್ ಹಿಡಿದುಕೊಳ್ಳುವುದು. ಫ್ಲಾಸ್ಕಿನ ಜಾತಿಯನ್ನು ಈವರೆಗೆ ತಪ್ಪಾಗಿ ಗುರುತಿಸಿಲ್ಲ.

ಆದರೂ ಮಂಜಿನ ಬೆಳಿಗ್ಗೆಗಳಲ್ಲಿ ಆ ಮೀನು ನನ್ನ ಕಣ್ಣಿಗೆ ಕಟ್ಟುತ್ತದೆ. ಗಡಿಗಳೆಲ್ಲ ಬಿಗಿಯಾದ ಕಾಲದಲ್ಲಿ ಅದೊಂದು ಯಾರನ್ನೂ ಕೇಳದೆ ಜರ್ಮನಿಯ ಕಡೆಗೆ, ಹರಿವಿಗೆ ಎದುರಾಗಿ, ಈಜುತ್ತಿದೆ. ತಿರುಗಿಸಿ ಮಲಗಿಸಿದ್ದರಿಂದ ಅದರ ಎರಡೂ ಪಕ್ಕದಲ್ಲಿ ಬೊಟ್ಟಿವೆ. ಎಣ್ಣೆಯಲ್ಲಿ ಕಲಸಿದ್ದು, ಬೇಗ ಹೋಗುವಂಥದ್ದಲ್ಲ.

ರೈನ್ ನದಿಯ ಮೇಲ್ಭಾಗದಲ್ಲಿರುವ ಓದುಗರು ಯಾರಾದರೂ ಪಕ್ಕಕ್ಕೆ ಆರರಂತೆ ಕೆಂಪು ಬೊಟ್ಟಿಟ್ಟುಕೊಂಡ ಬೆಳ್ಳಿಯ ಮೀನನ್ನು ಕಂಡಿದ್ದರೆ ದಯವಿಟ್ಟು ಬರೆಯಿರಿ. ಬೊಟ್ಟಿನ ಬಗ್ಗೆ ಏನೂ ಬೇಡ, ಅದು ನನಗೆ ಗೊತ್ತು. ಅದರ ದವಡೆ ಕಣ್ಣನ್ನು ದಾಟಿತ್ತೇ, ಇಲ್ಲವೇ ಎಂಬುದಷ್ಟೇ ಬೇಕು. ಮೇಲಿನ ಮನೆಯಲ್ಲಿ ಒಬ್ಬರು ಕಾಯುತ್ತಿದ್ದಾರೆ.